ಹೈದರಾಬಾದಾ, ಬೆಂಗಳೂರಾ? ಮಾನ್ವಿ ಕಡೆಯವನಿಗೆ ಯಾವುದು ಸರಿ?

ಮಾನ್ವಿ ಹುಡುಗ:

ಎಲ್ಲರಿಗೂ ನಮಸ್ಕಾರ. ನನ್ನದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ಆರು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಈಗ ಕಂಪನಿ ಇಲ್ಲಿನ ಆಫೀಸು ಮುಚ್ಚುತ್ತಿದೆ. ಹೈದರಾಬಾದಿನ ಗಚ್ಚಿಬೌಲಿಗೆ ಹೋಗುತ್ತೀಯೋ ಬೆಂಗಳೂರಿನ ವೈಟ್‌ಫೀಲ್ಡಿಗೆ ಹೋಗುತ್ತೀಯೋ, ತಿಂಗಳ ಕೊನೆಯೊಳಗೆ ಹೇಳು ಅಂದಿದ್ದಾರೆ. ಸಂಬಳ ಎರಡೂ ಕಡೆ ಒಂದೇ.

ಹೆಂಡತಿ ಬಿ.ಫಾರ್ಮ ಓದಿದ್ದಾಳೆ. ಮಗಳು ಹುಟ್ಟುವ ತನಕ ಔಷಧಿ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದಳು. ಈಗ ಮಗಳಿಗೆ ಮೂರೂವರೆ ವರ್ಷ, ಮತ್ತೆ ಕೆಲಸಕ್ಕೆ ಹೋಗಬೇಕು ಅಂತಿದ್ದಾಳೆ. ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಅಪ್ಪ ಅಮ್ಮ ಊರು ಬಿಟ್ಟು ಬರುವವರಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ನಾಲ್ಕು ಎಕರೆ ಇದೆ, ನೀರು ಬಂದರೆ ಭತ್ತ, ಬರದಿದ್ದರೆ ಹತ್ತಿ ಅಥವಾ ಜೋಳ. ಅಪ್ಪ ದಿನಾ ಒಂದು ಸಲ ಆ ಹೊಲ ನೋಡದೆ ಇರುವುದಿಲ್ಲ.

ಆಫೀಸಿನಲ್ಲಿ ಯಾರನ್ನು ಕೇಳಿದರೂ ಟ್ರಾಫಿಕ್, ಬಾಡಿಗೆ, ಬಿರಿಯಾನಿ, ದೋಸೆ ಅಂತ ಹೇಳುತ್ತಾರೆ. ಅವರು ಯಾರೂ ನಮ್ಮ ಕಡೆಯವರಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳದಿಂದ ಹೋಗಿ ಎರಡರಲ್ಲಿ ಯಾವುದಾದರೂ ಊರಲ್ಲಿ ಸಂಸಾರ ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ. ಚೆನ್ನಾಗಿರುವುದನ್ನೂ ಹೇಳಿ, ಕಷ್ಟವನ್ನೂ ಹೇಳಿ.

ಶಕ್ತಿನಗರದವನು:

ತಮ್ಮಾ, ಸುಮ್ನೆ ಹೈದರಾಬಾದಿಗೆ ಬಾ. ನಾನು ಶಕ್ತಿನಗರದ ಕಾಲೊನಿಯಲ್ಲಿ ಬೆಳೆದವನು, ಅಪ್ಪ ಅಲ್ಲಿನ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಇದ್ದರು. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ಮೊದಲು ಅಮೀರ್‌ಪೇಟ್‌ನಲ್ಲಿ ಹಾಸ್ಟೆಲು, ಒಂದು ರೂಮಿಗೆ ನಾಲ್ಕು ಮಂಚ. ಮದುವೆ ಆದಮೇಲೆ ಕೂಕಟ್‌ಪಲ್ಲಿ, ಈಗ ಕೊಂಡಾಪುರ.

ನಮಗೆ ಇಲ್ಲಿರುವ ದೊಡ್ಡ ಅನುಕೂಲ ಒಂದೇ, ದೂರ. ರಾಯಚೂರಿಂದ ಇಲ್ಲಿಗೆ ಸುಮಾರು 200 ಕಿಲೋಮೀಟರ್. ಬೆಂಗಳೂರು ಅದರ ಎರಡರಷ್ಟು. ಮೂರು ವರ್ಷದ ಹಿಂದೆ ಒಂದು ರಾತ್ರಿ ಹನ್ನೊಂದೂವರೆಗೆ ಅಮ್ಮ ಫೋನ್ ಮಾಡಿ ಅಪ್ಪನಿಗೆ ಮಾತು ತೊದಲುತ್ತಿದೆ ಅಂದಳು. ಪಕ್ಕದ ಮನೆಯವರಿಗೆ ಹೇಳಿ ಅಪ್ಪನನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸಿ ಅಂತ ಹೇಳುತ್ತಲೇ ಕಾರು ತೆಗೆದೆ. ಶಾದ್‌ನಗರ, ಜಡ್ಚರ್ಲ, ಮೆಹಬೂಬ್‌ನಗರ, ಮಕ್ತಲ್. ಕೃಷ್ಣಾ ಸೇತುವೆ ದಾಟುವಾಗ ಥರ್ಮಲ್‌ನ ಚಿಮಣಿಯ ಕೆಂಪು ದೀಪ ಕಂಡಿತು, ಆಗ ಗಂಟೆ ಮೂರೂಕಾಲು. ಬೆಳಗ್ಗೆ ಡಾಕ್ಟರು ಹೈದರಾಬಾದಿಗೆ ಕರೆದುಕೊಂಡು ಹೋಗಿ ಅಂದರು, ಮಧ್ಯಾಹ್ನದೊಳಗೆ ಇಲ್ಲಿ ತಂದೆವು. ಇವತ್ತು ಅಪ್ಪ ಚೆನ್ನಾಗಿ ಮಾತಾಡುತ್ತಾರೆ. ನಾನು ಬೆಂಗಳೂರಲ್ಲಿದ್ದರೆ ಅದೇ ಹೊತ್ತಿಗೆ ಅನಂತಪುರ ದಾಟುತ್ತಿದ್ದೆನೇನೋ.

ನಮ್ಮ ಕಡೆ ಕಾಯಿಲೆ ಜೋರಾದರೆ ಜನ ಹೋಗುವುದು ಹೈದರಾಬಾದಿಗೇ ಅಲ್ವಾ. ನಿಮ್ಮಪ್ಪನ ಸ್ಟೆಂಟ್ ಎಲ್ಲಿ ಹಾಕಿಸಿದಿರಿ? ಇಲ್ಲೇ ಆಗಿದ್ದರೆ ಚೆಕಪ್ಪಿಗೆ ಬಂದಾಗ ಮಗನ ಮನೆಯಲ್ಲೇ ಎರಡು ದಿನ ಇದ್ದು ಹೋಗಬಹುದು.

ಇನ್ನು ಮನೆ ವಿಷಯ. ಇಲ್ಲಿ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ. ನಾನು ಎರಡು ಬೆಡ್‌ರೂಮಿಗೆ 26 ಸಾವಿರ ಕೊಡುತ್ತೇನೆ, ಮೇಂಟೆನೆನ್ಸ್ ಬೇರೆ. ಭಾಷೆಗೆ ಕಷ್ಟವಿಲ್ಲ, ರಾಯಚೂರಲ್ಲಿ ಬೆಳೆದವರಿಗೆ ತೆಲುಗೂ ಗೊತ್ತು, ಇಲ್ಲಿಯ ಹಿಂದಿಯೂ ನಮ್ಮ ಹಿಂದಿಯೇ. ಆಟೋದವನು 'ನಕ್ಕೋ' (ಬೇಡ) ಅಂದರೆ ರಾಯಚೂರಿನ ತೀನ್ ಕಂದೀಲ್‌ನಲ್ಲಿ ನಿಂತ ಹಾಗೆ ಅನ್ನಿಸುತ್ತದೆ.

ಊಟದ್ದು ಹೇಳಲೇಬೇಕು. ಸಂಜೆ ಆರರ ಮೇಲೆ ಇಲ್ಲಿ ರಸ್ತೆ ಬದಿಯಲ್ಲಿ ಜೊನ್ನ ರೊಟ್ಟೆ ಅಂತ ಹೆಂಗಸರು ಜೋಳದ ರೊಟ್ಟಿ ಸುಡುತ್ತಾ ಕೂತಿರುತ್ತಾರೆ. ನಮ್ಮ ಗಲ್ಲಿಯ ತಿರುವಿನಲ್ಲೂ ಒಬ್ಬರಿದ್ದಾರೆ. ಬಿಸಿನೀರು ಹಾಕಿ ಹಿಟ್ಟು ನಾದುವುದು, ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ ಬಡಿಯುವುದು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು, ಎಲ್ಲ ನಮ್ಮಮ್ಮ ಮಾಡುವ ಹಾಗೇ. ಪುಂಡಿಪಲ್ಯ ಇಲ್ಲಿ ಗೋಂಗೂರ, ಯಾವ ಸಂತೆಗೆ ಹೋದರೂ ಕಟ್ಟುಗಟ್ಟಲೆ ಸಿಗುತ್ತದೆ.

ಕಷ್ಟಗಳು: ಏಪ್ರಿಲ್ ಮೇ ಬಿಸಿಲು ರಾಯಚೂರಷ್ಟಲ್ಲದಿದ್ದರೂ ಜೋರಾಗೇ ಇರುತ್ತದೆ. ಮೆಟ್ರೋ ರಾಯದುರ್ಗಕ್ಕೆ ಮುಗಿಯುತ್ತದೆ (ಬಳ್ಳಾರಿಯವರೇ, ನಿಮ್ಮ ಪಕ್ಕದ ರಾಯದುರ್ಗ ಅಲ್ಲ, ಇಲ್ಲೂ ಒಂದಿದೆ). ಅಲ್ಲಿಂದ ಗಚ್ಚಿಬೌಲಿ ಕಡೆಗೆ ಆಟೋನೋ ಬಸ್ಸೋ ಹಿಡಿಯಬೇಕು. ಸಂಜೆ ಬಯೋಡೈವರ್ಸಿಟಿ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡರೆ ಮನೆ ಸೇರುವ ಹೊತ್ತಿಗೆ ಮಗಳು ಮಲಗಿರುತ್ತಾಳೆ.

ಕೌಲ್‌ಬಜಾರ್:

ನಾನು ಬಳ್ಳಾರಿಯವನು, ಬೆಂಗಳೂರಿಗೆ ಬಂದು ಹನ್ನೊಂದು ವರ್ಷ. ಶಕ್ತಿನಗರದ ಅಣ್ಣ ಹೇಳಿದ್ದು ರಾಯಚೂರಿಗೆ ಸರಿ. ನಮಗೆ ಲೆಕ್ಕ ಉಲ್ಟಾ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್, ಹೈದರಾಬಾದ್ ಇನ್ನೂ ದೂರ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಬಳ್ಳಾರಿ. ಸ್ಟೇಷನ್ನಿಂದ ಮನೆಗೆ ಹೋಗುವಾಗಲೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತೇನೆ.

ಆದರೂ ಮಾನ್ವಿಯವರು ಬೆಂಗಳೂರನ್ನು ಸುಲಭಕ್ಕೆ ಬಿಡಬಾರದು ಅನ್ನುವುದು ನನ್ನ ಮಾತು. ಕಾರಣ ಕೆಲಸ. 2023ರಲ್ಲಿ ನಮ್ಮ ಪ್ರಾಜೆಕ್ಟು ನಿಂತಿತು, ನಲವತ್ತು ಜನರನ್ನು ಒಂದೇ ದಿನ ತೆಗೆದರು. ಆರು ವಾರದಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತು. ಮನೆ ಬದಲಿಸಲಿಲ್ಲ, ಮಗನ ಶಾಲೆ ಬದಲಿಸಲಿಲ್ಲ. ಹೈದರಾಬಾದಿನಲ್ಲಿ ಕೆಲಸ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಬೆಂಗಳೂರಲ್ಲಿ ದೊಡ್ಡದು ಸಣ್ಣದು ಸೇರಿ ಎಷ್ಟು ಥರದ ಕಂಪನಿಗಳಿವೆ ಅಂದರೆ ಒಂದು ಬಾಗಿಲು ಮುಚ್ಚಿದ ದಿನವೇ ನಾಲ್ಕು ಕಡೆ ಹೋಗಿ ಕೇಳಬಹುದು. ಪುಣೆಯ ಆಫೀಸು ಮುಚ್ಚಿದ ಕಂಪನಿ ನಾಳೆ ಇನ್ನೊಂದನ್ನು ಮುಚ್ಚುವುದಿಲ್ಲ ಅಂತ ಏನು ಗ್ಯಾರಂಟಿ ತಮ್ಮಾ?

ವೈಟ್‌ಫೀಲ್ಡ್ ಅಂದ ತಕ್ಷಣ ಹೆದರಬೇಡ. 2023ರ ಅಕ್ಟೋಬರ್‌ನಿಂದ ಮೆಟ್ರೋದ ಪರ್ಪಲ್ ಲೈನ್ ಪೂರ್ತಿ ಓಡುತ್ತಿದೆ, ಚಲ್ಲಘಟ್ಟದಿಂದ ಕಾಡುಗೋಡಿವರೆಗೆ. ನಾನು ಅತ್ತಿಗುಪ್ಪೆಯಲ್ಲಿದ್ದೇನೆ, ಒಂದೇ ರೈಲಿನಲ್ಲಿ ಕೂತು ವೈಟ್‌ಫೀಲ್ಡ್ ಕಡೆ ಇಳಿಯುತ್ತೇನೆ. ಒಂದು ಗಂಟೆಯ ಮೇಲೆ ಆಗುತ್ತದೆ, ಆದರೆ ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಅನ್ನುವುದು ಖಾತ್ರಿ ಇರುತ್ತದೆ. ದರ ಮಾತ್ರ 2025ರ ಫೆಬ್ರವರಿಯಲ್ಲಿ ಏರಿಸಿದರು, ಅತಿ ಹೆಚ್ಚಿನ ಟಿಕೆಟು 60 ರೂಪಾಯಿ ಇದ್ದದ್ದು 90 ಆಯಿತು. ತಿಂಗಳ ಕೊನೆಗೆ ಅದು ಕಾಣಿಸುತ್ತದೆ. ವಿಜಯನಗರ, ಅತ್ತಿಗುಪ್ಪೆ ಸುತ್ತಮುತ್ತ ನಮ್ಮ ಕಡೆಯ ಮಂದಿ ಜಾಸ್ತಿ, ಕೆಎಎಸ್ ಓದಲು ಬಂದ ಹುಡುಗರು, ಖಾನಾವಳಿಗಳು, ಶೇಂಗಾ ಚಟ್ನಿ, ಎಣ್ಣೆಗಾಯಿ ಎಲ್ಲ ಸಿಗುತ್ತದೆ.

ನೀರಿನ ಕಷ್ಟ ಮುಚ್ಚಿಡುವುದಿಲ್ಲ. 2024ರ ಬೇಸಿಗೆಯಲ್ಲಿ ನಾವು ಮಾರತಹಳ್ಳಿ ಹತ್ತಿರ ಇದ್ದೆವು. ಬೋರು ಬತ್ತಿತು. ಬೆಳಗ್ಗೆ ಐದಕ್ಕೆ ಟ್ಯಾಂಕರ್ ಸದ್ದು ಕೇಳಿದರೆ ಇಡೀ ಬಿಲ್ಡಿಂಗಿನವರು ಬಾಲ್ಕನಿಗೆ ಬರುತ್ತಿದ್ದರು. ಸಂಪಿನೊಳಗೆ ಪೈಪು ಬಿಟ್ಟ ಮೇಲೆ ನೀರು ಬೀಳುವ ಸದ್ದು ಕೇಳುತ್ತಾ ನಿಲ್ಲುತ್ತಿದ್ದೆವು, ಅದು ನಿಂತರೆ ಅವತ್ತಿನದು ಅಷ್ಟೇ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ, ಎತ್ತರಕ್ಕೆ ಏರಿಸಿ ತರಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು, ಹೊರವಲಯದ 110 ಹಳ್ಳಿಗಳಿಗೆ ಅಂತ. ಆದರೂ ಮನೆ ನೋಡುವಾಗ ಕಾವೇರಿ ಕನೆಕ್ಷನ್ ಇದೆಯಾ ಅಂತ ಕೇಳದೆ ಅಡ್ವಾನ್ಸ್ ಕೊಡಬೇಡ. ಮೊದಲೆಲ್ಲ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದರು, ಈಗ ಐದಾರಕ್ಕೆ ಒಪ್ಪುವವರಿದ್ದಾರೆ, ಮಾತಾಡಿ ಕಡಿಮೆ ಮಾಡಿಸು.

ಹವೆ ಬಗ್ಗೆ ಏನು ಹೇಳಲಿ. 900 ಮೀಟರ್ ಎತ್ತರದ ಊರು. ನಮ್ಮಮ್ಮ ಮೇ ತಿಂಗಳಲ್ಲಿ ಬಂದರೆ ರಾತ್ರಿ ಹೊದ್ದುಕೊಂಡು ಮಲಗುತ್ತಾರೆ, ಊರಿಗೆ ಹೋಗಿ ಎಲ್ಲರಿಗೂ ಅದನ್ನೇ ಹೇಳುತ್ತಾರೆ.

ಗಂಗಾವತಿ ಅಕ್ಕ:

ನಾನು ಎರಡೂ ಊರಲ್ಲಿ ಇದ್ದವಳು. ಹೈದರಾಬಾದಿನಲ್ಲಿ ನಾಲ್ಕು ವರ್ಷ, ಬೆಂಗಳೂರಿನಲ್ಲಿ ಆರು. ಅಣ್ಣಂದಿರಿಬ್ಬರೂ ತಮ್ಮ ಆಫೀಸು, ತಮ್ಮ ಅಪ್ಪ ಅಮ್ಮ ಅಂತ ಬರೆದಿದ್ದಾರೆ. ತಮ್ಮಾ, ನಿನ್ನ ಹೆಂಡತಿ ಬಿ.ಫಾರ್ಮ ಅಂತ ನೀನೇ ಬರೆದಿದ್ದೀಯ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಔಷಧಿ ಕೆಲಸಕ್ಕೆ ಹೈದರಾಬಾದ್ ದೊಡ್ಡ ಊರು. ಜೀಡಿಮೆಟ್ಲ, ಪಟಾನ್‌ಚೆರು, ಶಾಮೀರ್‌ಪೇಟ್ ಕಡೆಯ ಜಿನೋಮ್ ವ್ಯಾಲಿ, ಎಲ್ಲ ಕಡೆ ಕಂಪನಿಗಳಿವೆ. ಕ್ವಾಲಿಟಿಯಲ್ಲಿ ಅನುಭವ ಇದ್ದವರಿಗೆ ಮೂರು ವರ್ಷ ಬಿಟ್ಟು ಹೋದರೂ ಕೇಳುವವರಿದ್ದಾರೆ. ಬೆಂಗಳೂರಿನಲ್ಲೂ ಬೊಮ್ಮಸಂದ್ರ, ಜಿಗಣಿ ಕಡೆ ಇದೆ. ಆದರೆ ನಿನ್ನ ಆಫೀಸು ವೈಟ್‌ಫೀಲ್ಡ್, ಅವಳದು ಬೊಮ್ಮಸಂದ್ರ ಆದರೆ ಮಗಳನ್ನು ಡೇಕೇರಿನಿಂದ ಕರೆತರುವುದು ಯಾರು? ಹೈದರಾಬಾದಿನಲ್ಲೂ ಇದೇ ಪ್ರಶ್ನೆ ಇದೆ. ಗಚ್ಚಿಬೌಲಿಯಿಂದ ಜಿನೋಮ್ ವ್ಯಾಲಿ ದಿನಾ ಓಡಾಡುವ ದೂರವಲ್ಲ. ಪಟಾನ್‌ಚೆರು ಆದರೆ ಚಂದಾನಗರ, ಮಿಯಾಪುರ ಕಡೆ ಮನೆ ಮಾಡಿದರೆ ಇಬ್ಬರಿಗೂ ನಡುವೆ ಆಗುತ್ತದೆ. ಎಷ್ಟೋ ಔಷಧಿ ಕಂಪನಿಗಳ ಬಸ್ಸು ಬೆಳಗ್ಗೆ ಆ ಮುಖ್ಯರಸ್ತೆಯಲ್ಲೇ ನಿಲ್ಲುತ್ತವೆ. ನಾನು ಎರಡು ವರ್ಷ ಹಾಗೆ ಬಸ್ಸು ಹತ್ತಿದ್ದೇನೆ, ಆರೂಕಾಲಿಗೆ, ಟಿಫಿನ್ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು.

ನಿನ್ನ ಕೆಲಸ ಎರಡೂ ಕಡೆ ಒಂದೇ. ಅವಳಿಗೆ ಎಲ್ಲಿ ಕೆಲಸ ಸಿಗುತ್ತದೆ ಅನ್ನುವುದನ್ನು ಮೊದಲು ನೋಡು. ಹತ್ತು ಕಡೆ ಅವಳೇ ಅರ್ಜಿ ಹಾಕಲಿ.

ಇನ್ನೊಂದು ವಿಷಯ ಮನಸ್ಸಿನಲ್ಲಿ ಉಳಿದಿದೆ, ಬರೆಯುತ್ತೇನೆ. ಬೆಂಗಳೂರು ನಮ್ಮದೇ ರಾಜಧಾನಿ ಅಂತ ಆಸೆಯಿಂದ ಹೋದವಳು ನಾನು. ಮೊದಲ ಆಫೀಸಿನಲ್ಲಿ ನಾನು ಮಾತಾಡಿದರೆ ಪಕ್ಕದವರು ನಗುತ್ತಿದ್ದರು. 'ಏನ್ರೀ ಅದು, ಇನ್ನೊಂದ್ಸಲ ಹೇಳಿ' ಅನ್ನುತ್ತಿದ್ದರು. ಕನ್ನಡದವರೇ. ಎರಡು ತಿಂಗಳು ನಾನು ಇಂಗ್ಲಿಷಿನಲ್ಲೇ ಮಾತಾಡಿದೆ. ಹೈದರಾಬಾದಿನಲ್ಲಿ ನನ್ನ ತೆಲುಗು ಕೇಳಿ ಯಾರೂ ನಗಲಿಲ್ಲ, ಯಾವ ಊರಮ್ಮ ಅಂತ ಕೇಳಿ ಸುಮ್ಮನಾಗುತ್ತಿದ್ದರು. ಆದರೆ ಅಲ್ಲಿ ಜ್ವರ ಬಂದು ಮಲಗಿದಾಗ ಕನ್ನಡದಲ್ಲಿ ಒಂದು ಮಾತು ಕೇಳಬೇಕು ಅನ್ನಿಸಿದ್ದು ಕೂಡ ನಿಜ. ಬೆಂಗಳೂರಿನಲ್ಲಿ ಆಮೇಲೆ ಒಳ್ಳೆಯ ಗೆಳತಿಯರು ಸಿಕ್ಕರು, ಈಗ ನನ್ನ ಮಾತನ್ನು ನಾನು ಯಾರಿಗೂ ಬದಲಿಸುವುದಿಲ್ಲ.

ಬಸ್ಸಿನದೂ ಲೆಕ್ಕಕ್ಕೆ ತಗೊಳ್ಳಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಮ್ಮಮ್ಮ ಯಾರನ್ನೂ ದುಡ್ಡು ಕೇಳದೆ ಗಂಗಾವತಿಯಿಂದ ಬೆಂಗಳೂರಿಗೆ ಬರುತ್ತಾರೆ, ಚೀಲದಲ್ಲಿ ಸೋನಾಮಸೂರಿ, ಗುರೆಳ್ಳು ಪುಡಿ. ಹೈದರಾಬಾದಿನ ಬಸ್ಸಿಗೆ ಅದು ನಡೆಯುವುದಿಲ್ಲ. ತೆಲಂಗಾಣದಲ್ಲೂ ಮಹಿಳೆಯರಿಗೆ ಉಚಿತ ಬಸ್ಸು ಇದೆ, ಆದರೆ ಅದು ಅಲ್ಲಿನ ಗುರುತಿನ ಚೀಟಿ ಇದ್ದವರಿಗೆ.

ಮಾನ್ವಿ ಹುಡುಗ:

ಅಕ್ಕಾ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ನನ್ನನ್ನು ಕೇಳಬೇಕು ಅಂತ ಬೇರೆಯವರು ಹೇಳಬೇಕಾಯಿತಾ' ಅಂದಳು. ತಪ್ಪು ನನ್ನದೇ. ಇವತ್ತು ರಾತ್ರಿ ಕೂತು ಅವಳ ಅರ್ಜಿ ಸಿದ್ಧ ಮಾಡುತ್ತಿದ್ದೇವೆ. ಶಕ್ತಿನಗರದ ಅಣ್ಣಾ, ಅಪ್ಪನ ಸ್ಟೆಂಟ್ ಹಾಕಿಸಿದ್ದು ಹೈದರಾಬಾದಿನಲ್ಲೇ. ಮಗಳ ಕನ್ನಡದ ಬಗ್ಗೆ ಯೋಚನೆ ಆಗುತ್ತಿದೆ, ಅಲ್ಲಿ ಶಾಲೆಯಲ್ಲಿ ಏನು ಗತಿ?

ತೀನ್ ಕಂದೀಲ್ ಹಿರಿಯ:

ತಮ್ಮಾ, ನಾನು ನಿವೃತ್ತ ಮೇಷ್ಟ್ರು, ರಾಯಚೂರಿನಲ್ಲೇ ಹುಟ್ಟಿ ಬೆಳೆದವನು. ನನ್ನ ತಂದೆ ಉರ್ದು ಮಾಧ್ಯಮದಲ್ಲಿ ಓದಿದವರು. ಅವರಿಗೆ ಪಟ್ಟಣ ಅಂದರೆ ಹೈದರಾಬಾದ್. ಕೋರ್ಟು, ಕಾಲೇಜು, ದೊಡ್ಡ ಆಸ್ಪತ್ರೆ, ಎಲ್ಲ ಅಲ್ಲೇ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತ ಮುಗಿಯಿತು, 1956ರ ನವೆಂಬರ್ 1ಕ್ಕೆ ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಬಳ್ಳಾರಿಯದು ಬೇರೆ ಕಥೆ, ಅದು ಮದ್ರಾಸಿನ ಕಡೆಯಿಂದ 1953ರಲ್ಲೇ ಮೈಸೂರಿಗೆ ಬಂತು. ಕೌಲ್‌ಬಜಾರಿನವರಿಗೆ ಬೆಂಗಳೂರು, ಶಕ್ತಿನಗರದವರಿಗೆ ಹೈದರಾಬಾದ್ ಹತ್ತಿರ ಅನ್ನಿಸುವುದರಲ್ಲಿ ರಸ್ತೆಯ ದೂರ ಒಂದೇ ಅಲ್ಲ, ಮನೆತನದ ನೆಂಟಸ್ತಿಕೆಯೂ ಇದೆ.

ಶಾಲೆಯ ಮಾತು. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಕನ್ನಡ ಮನೆಯಲ್ಲೇ ಕಲಿಸಬೇಕು. ಕಾಚಿಗೂಡದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ, ಆದರೆ ಗಚ್ಚಿಬೌಲಿ ಕಡೆ ಮನೆ ಮಾಡಿದವರಿಗೆ ಕಾಚಿಗೂಡ ದಿನದ ಮಾತಲ್ಲ. ಮಗಳಿಗೆ ರಾತ್ರಿ ಒಂದು ಕಥೆ ಕನ್ನಡದಲ್ಲಿ ಓದು. ರಜೆಗೆ ಅಜ್ಜಿ ಮನೆಗೆ ಬಿಡು. ಮಾನ್ವಿ ಹತ್ತಿರ ಇದ್ದರೆ ತಿಂಗಳಿಗೆ ಎರಡು ಸಲ ಬಿಡಬಹುದು, ಆ ಎರಡು ದಿನದಲ್ಲಿ ಕಲಿಯುವ ಕನ್ನಡ ಯಾವ ಶಾಲೆಯೂ ಕಲಿಸುವುದಿಲ್ಲ.

ಸಂವಿಧಾನದ 371(ಜೆ) ಕಲಂ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಅರ್ಹತಾ ಪತ್ರ ಮಾಡಿಸಿದ್ದೀಯಾ? ಇಲ್ಲದಿದ್ದರೆ ಈ ಸಲ ಊರಿಗೆ ಬಂದಾಗ ಮಾಡಿಸು, ಸಹಾಯಕ ಆಯುಕ್ತರ ಕಚೇರಿಯಿಂದ ಕೊಡುತ್ತಾರೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟು ನಮ್ಮ ಮಕ್ಕಳಿಗೆ ಇವೆ. ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವುದು ಸಾಮಾನ್ಯ ನಿಯಮ, ಹೊರಗೆ ಓದಿದ ಮಕ್ಕಳಿಗೆ ತಂದೆ ತಾಯಿಯ ದಾಖಲೆಯ ಮೇಲೆ ಬೇರೆ ದಾರಿಗಳಿವೆ. ನಿನ್ನ ಒಂದನೇ ಕ್ಲಾಸಿನಿಂದ ಹಿಡಿದು ಎಲ್ಲ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತೆಗೆದು ಒಂದು ಫೈಲಿನಲ್ಲಿ ಇಡು. ಹದಿನೈದು ವರ್ಷ ಆದಮೇಲೆ ಹುಡುಕಿದರೆ ಸಿಗುವುದಿಲ್ಲ, ನಾನು ಮೇಷ್ಟ್ರಾಗಿ ನೋಡಿದ್ದೇನೆ.

ಹೊಟ್ಟೆಯ ಸಂಕಟವನ್ನೂ ಹೇಳಿಬಿಡುತ್ತೇನೆ. ಐಐಟಿ ನಮಗೆ ಕೊಡಿ ಅಂದೆವು, ಧಾರವಾಡಕ್ಕೆ ಹೋಯಿತು. ಟ್ರಿಪಲ್ ಐಟಿ ಬಂತು, ಅದೂ 2019ರಲ್ಲಿ ಶುರುವಾದದ್ದು ಹೈದರಾಬಾದ್ ಐಐಟಿಯ ಆವರಣದಲ್ಲಿ, ಆಗ ಹೆಸರು ಮಾತ್ರ ರಾಯಚೂರು. ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಜನ ಧರಣಿ ಕೂತರು, ಸಾವಿರ ದಿನ ದಾಟಿತು. ನಾನೂ ಹೋಗಿ ಕೂತಿದ್ದೇನೆ, ಬಿಸಿಲಲ್ಲಿ, ಶಾಮಿಯಾನದ ಕೆಳಗೆ. ಪಕ್ಕದಲ್ಲಿ ಒಬ್ಬ ತಾಯಿ ಮಗನ ಆಪರೇಷನ್ನಿಗೆ ಹೈದರಾಬಾದಿಗೆ ಎಂಟು ಸಲ ಓಡಾಡಿದ ಟಿಕೆಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದಳು. ರಾಯಚೂರಿನಲ್ಲೇ ದೊಡ್ಡ ಆಸ್ಪತ್ರೆ ಇದ್ದಿದ್ದರೆ, ನಿನ್ನಂಥವರಿಗೆ ಇಲ್ಲೇ ಕೆಲಸ ಇದ್ದಿದ್ದರೆ, ನೀನು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಕೌಲ್‌ಬಜಾರ್:

ಮೇಷ್ಟ್ರೇ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ತಮ್ಮಾ, ನಿನ್ನ ಅಪ್ಪನ ಚಿಕಿತ್ಸೆ ಹೈದರಾಬಾದಿನಲ್ಲೇ, ಹೆಂಡತಿಯ ಕೆಲಸಕ್ಕೂ ಅದೇ ಅನುಕೂಲ ಅಂದರೆ ನಾನೂ ಅಲ್ಲಿಗೇ ಹೋಗು ಅನ್ನುತ್ತೇನೆ. ಒಂದು ಮಾತ್ರ ಮಾಡು, ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೋ. ಕೆಲಸ ಹೋದ ದಿನ ನನ್ನನ್ನು ಉಳಿಸಿದ್ದು ಅದೇ.

ಮಾನ್ವಿ ಹುಡುಗ:

ಎಲ್ಲರಿಗೂ ಕೈ ಮುಗಿದೆ. ಅವಳಿಗೆ ಪಟಾನ್‌ಚೆರು ಕಡೆಯ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂದಿದೆ, ಬೊಮ್ಮಸಂದ್ರದಿಂದ ಇನ್ನೂ ಉತ್ತರ ಇಲ್ಲ. ನಾನು ಹೈದರಾಬಾದ್ ಅಂತ ಬರೆದು ಕೊಟ್ಟೆ. ಅಮ್ಮನಿಗೆ ಫೋನ್ ಮಾಡಿದರೆ ಊರಿನ ಹೆಸರೂ ಕೇಳಲಿಲ್ಲ, 'ಅಲ್ಲಿಂದ ರಾತ್ರಿ ಕೊನೇ ಬಸ್ಸು ಎಷ್ಟಕ್ಕೆ' ಅಂತ ಕೇಳಿದಳು. ಮುಂದಿನ ಶನಿವಾರ ಮನೆ ನೋಡಲು ಬರುತ್ತಿದ್ದೇವೆ.

ಶಕ್ತಿನಗರದವನು:

ಬಾ ತಮ್ಮಾ. ರಾಯಚೂರಿಂದ ಬರುವುದಾದರೆ ಬಸ್ಸಿನಲ್ಲಿ ಎಂಜಿಬಿಎಸ್ (ಇಲ್ಲಿನ ದೊಡ್ಡ ಬಸ್ ನಿಲ್ದಾಣ) ತನಕ ಹೋಗಬೇಡ, ಆರಾಂಘರ್‌ನಲ್ಲಿ ಇಳಿ, ಅಲ್ಲಿಂದ ನಮ್ಮ ಕಡೆಗೆ ಬಸ್ಸು ಸಿಗುತ್ತದೆ, ಒಂದು ಗಂಟೆ ಉಳಿಯುತ್ತದೆ. ಮನೆ ನೋಡುವಾಗ ಕೆಳಗೆ ಹೋಗಿ ಸಂಪಿನ ಮುಚ್ಚಳ ತೆಗೆಸಿ ನೋಡು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ ಅಂತ ವಾಚ್‌ಮನ್ ಹತ್ತಿರ ಕೇಳು, ಓನರ್ ಹತ್ತಿರ ಅಲ್ಲ. ಸಂಜೆ ನಮ್ಮ ಮನೆಗೆ ಬನ್ನಿ, ಗಲ್ಲಿಯ ತಿರುವಿನಲ್ಲಿ ರೊಟ್ಟಿ ತರಿಸುತ್ತೇನೆ, ಪುಂಡಿಪಲ್ಯ ಮನೆಯಲ್ಲೇ ಮಾಡುತ್ತಾರೆ.